ಮಿತಾಕ್ಷರಕಾರ ವಿಜ್ಞಾನೇಶ್ವರ

ಕಲ್ಯಾಣದಲ್ಲಿ ಹುಟ್ಟಿದ ಗ್ರಂಥವೊಂದು ಎಂಟುನೂರು ವರ್ಷಗಳ ತರುವಾಯವೂ, ಬಂಗಾಲ ಮತ್ತು ಅಸ್ಸಾಮುಗಳನ್ನುಳಿದು, ಭಾರತದ ಬಹುಭಾಗದ ನ್ಯಾಯಾಲಯಗಳಲ್ಲಿ ಪ್ರಮಾಣವಾಗಿ ನಿಂತಿತ್ತು. ಅದುವೇ ಮಿತಾಕ್ಷರ. ಅದನ್ನು ರಚಿಸಿದ ವಿಜ್ಞಾನೇಶ್ವರನು ಭಾರದ್ವಾಜ ಗೋತ್ರದ ಪದ್ಮನಾಭಭಟ್ಟನ ಮಗನು, ಪರಿವ್ರಾಜಕನು, ಆರನೆಯ ವಿಕ್ರಮಾದಿತ್ಯನ (1076-1126) ಕಾಲದವನು. ಕಲಬುರಗಿ ಜಿಲ್ಲೆಯ ಮರತೂರು ಆತನ ಊರೆಂದು ಪ್ರಸಿದ್ಧಿ. ಗದಗು ಸೇರಿದ್ದ ಬೆಳ್ವೊಲ ನಾಡೂ, ಇಂದಿನ ಲಕ್ಷ್ಮೇಶ್ವರವಾದ ಪುಲಿಗೆರೆಯೂ ಆಗ ಅದೇ ಅರಸನ ಆಳಿಕೆಯಲ್ಲಿದ್ದವು.

ಸಂಸಾರವನ್ನು ತೊರೆದವನು ಸಂಸಾರಿಗಳ ಲೆಕ್ಕವನ್ನು ಇಷ್ಟು ಕೂಲಂಕಷವಾಗಿ ನೋಡಿದ್ದು ಸೋಜಿಗವೇ ಸರಿ. ಯಾಜ್ಞವಲ್ಕ್ಯಸ್ಮೃತಿಯು ಸ್ತ್ರೀಧನದ ಬಗೆಗಳನ್ನೆಣಿಸಿ, ಕೊನೆಗೆ ಮುಂತಾದವು ಎಂಬರ್ಥದ ಪುಟ್ಟ ಪದವೊಂದನ್ನು ಇಟ್ಟಿದೆ. ವಿಜ್ಞಾನೇಶ್ವರನು ಅಲ್ಲಿಯೇ ನಿಂತನು. ದಾಯವಾಗಿ ಬಂದದ್ದು, ಕೊಂಡದ್ದು, ಪಾಲಿನಲ್ಲಿ ದೊರೆತದ್ದು, ಸಿಕ್ಕಿದ್ದು ಎಲ್ಲವೂ ಆ ಪದದೊಳಗೆ ಬರುವುದೆಂದನು. ವಿಭಕ್ತನಾಗಿ, ಗಂಡುಸಂತಾನವಿಲ್ಲದೆ ಸತ್ತವನ ಆಸ್ತಿಗೆ ಹೆಂಡತಿಯೇ ಮೊದಲ ಹಕ್ಕುದಾರಳೆಂದು, ಎದುರುವಾದಗಳನ್ನೆಲ್ಲ ಖಂಡಿಸಿ ಸ್ಥಾಪಿಸಿದನು. ಆಜ್ಞೆ ಮೀರದ, ಪುತ್ರವತಿಯಾದ, ಪ್ರಿಯವಾದಿನಿಯಾದ ಹೆಂಡತಿಯನ್ನು ಬಿಟ್ಟವನಿಂದ ಅವನ ಧನದ ಮೂರನೆಯ ಒಂದು ಪಾಲನ್ನು ಅರಸನೇ ಕೊಡಿಸತಕ್ಕದ್ದು. ಅವನು ಬಡವನಾದರೆ ಅನ್ನವಸ್ತ್ರವನ್ನಾದರೂ ಕೊಡಿಸತಕ್ಕದ್ದು. ಪುತ್ರನಿಲ್ಲದವಳಿಗೆ ಈ ಮಾತು ಎಷ್ಟು ನೆರವಾದೀತೆಂಬ ಶಂಕೆ ನಮ್ಮಲ್ಲಿ ಮೂಡದಿರದು.

1810ರಲ್ಲಿ ಕೋಲ್‌ಬ್ರೂಕನು ದಾಯಭಾಗದ ಪ್ರಕರಣವನ್ನು ಇಂಗ್ಲಿಷಿಗೆ ತಂದನು. ಮುಂದೆ ಲಂಡನ್ನಿನ ಪ್ರಿವಿ ಕೌನ್ಸಿಲು ಗಂಡನಿಂದ ದಾಯವಾಗಿ ಬಂದುದು ಸ್ತ್ರೀಧನವಲ್ಲ, ವಿಧವೆಗೆ ಅದರಲ್ಲಿ ಪರಿಮಿತ ಹಕ್ಕು ಮಾತ್ರವೆಂದು ತೀರ್ಮಾನಿಸಿತು. ಕನ್ನಡ ನೆಲದ ಸನ್ಯಾಸಿಯು ಕೊಟ್ಟುದನ್ನು ಅವನ ಗ್ರಂಥವನ್ನೇ ಮುಂದಿಟ್ಟುಕೊಂಡು ಕಸಿದಂತಾಯಿತು! 1956ರ ಹಿಂದೂ ವಾರಸಾ ಕಾಯಿದೆಯ 14ನೆಯ ಕಲಮು ಪೂರ್ಣ ಒಡೆತನವನ್ನು ಕೊಟ್ಟಿತು.

ವಿಚ್ಛೇದನದ ಮಾತು ಬೇರೆ. ಧನವನ್ನು ಕೊಡಿಸಿದ ವಿಜ್ಞಾನೇಶ್ವರನು ಹೆಣ್ಣು ತಾನಾಗಿ ಮದುವೆಯನ್ನು ಬಿಡಿಸಿಕೊಳ್ಳುವ ದಾರಿಯನ್ನು ಕೊಡಲಿಲ್ಲ. ಅವನಿಗಿಂತ ಹಿಂದಿನ ಕೌಟಿಲ್ಯನು, ಧರ್ಮವಿವಾಹಗಳನ್ನು ಹೊರತುಪಡಿಸಿ, ಪರಸ್ಪರ ದ್ವೇಷವಿದ್ದಲ್ಲಿ ಬಿಡುಗಡೆಗೆ ಒಪ್ಪಿದ್ದನು. ನಮ್ಮ ಕಡೆಯ ಹಳ್ಳಿಗಳಲ್ಲಿಯಾದರೋ ಅನೇಕ ಜಾತಿಗಳ ಪಂಚರು ಸೋಡಚೀಟಿ ಕೊಡಿಸಿ, ಉಡಿಕೆಯಾಗಲು ಅನುವು ಮಾಡಿಕೊಡುತ್ತಿದ್ದರು. ಈ ಒಂದು ವಿಷಯದಲ್ಲಿ ಸಂಸ್ಕೃತವರಿಯದ ಪಂಚರೇ ಶಾಸ್ತ್ರಕಾರನಿಗಿಂತ ಉದಾರಿಗಳೆನ್ನಬೇಕು. ಗದಗು ಮುಂಬಯಿ ಪ್ರಾಂತದಲ್ಲಿದ್ದಾಗ 1947ರ ವಿಚ್ಛೇದನ ಕಾಯಿದೆ ಬಂದಿತು. 1955ರ ಹಿಂದೂ ವಿವಾಹ ಕಾಯಿದೆಯು ಆ ಹಕ್ಕನ್ನು ದೇಶಕ್ಕೆಲ್ಲ ಹಬ್ಬಿಸಿತು. ಅದರ 29ನೆಯ ಕಲಮು ರೂಢಿಯಿಂದ ಬಂದ ಬಿಡುಗಡೆಯನ್ನೂ ಉಳಿಸಿದೆ. ಆದರೆ ಅಂಥ ರೂಢಿಯುಂಟೆಂದು ಕೋರ್ಟಿನಲ್ಲಿ ಸಾಧಿಸುವ ಹೊಣೆ ಅದನ್ನು ಹೇಳಿಕೊಂಡವರದೇ.