ಲೋಕಸಂಚಾರಿ ಇಬ್ನ್ ಬತೂತ

ಪ್ರಪಂಚವನ್ನು ಖಂಡಗಳಾಗಿಯೂ ದೇಶಗಳಾಗಿಯೂ ವಿಂಗಡಿಸಿ ಓದುವುದು ನಮಗೆ ರೂಢಿಯಾಗಿದೆ. ಆದರೆ ಭೂಪಟದ ಗೆರೆಗಳು ಮನುಷ್ಯನ ನಡಿಗೆಯನ್ನಾಗಲಿ ಹಡಗುಗಳ ಹಾದಿಯನ್ನಾಗಲಿ ತಡೆದವುಗಳಲ್ಲ. ಹದಿನಾಲ್ಕನೆಯ ಶತಮಾನದಲ್ಲಿಯೇ ಈ ಸತ್ಯವನ್ನು ಕಣ್ಣಾರೆ ಕಂಡವನು ಇಬ್ನ್ ಬತೂತ.

ಇವನು 1304ರಲ್ಲಿ ಮೊರಾಕೊ ದೇಶದ ಟ್ಯಾಂಜಿಯರ್ ಪಟ್ಟಣದಲ್ಲಿ, ನ್ಯಾಯಶಾಸ್ತ್ರ ಪಂಡಿತರ ಮನೆತನದಲ್ಲಿ ಜನಿಸಿದನು. 1325ರಲ್ಲಿ, ಇಪ್ಪತ್ತೊಂದನೆಯ ವಯಸ್ಸಿನಲ್ಲಿ, ತಂದೆತಾಯಿಗಳನ್ನು ಅಗಲಿ ಮೆಕ್ಕಾ ಯಾತ್ರೆಗೆಂದು ಒಬ್ಬಂಟಿಗನಾಗಿ ಹೊರಟನು. ಯಾತ್ರೆ ಮುಗಿಯಿತು, ಆದರೆ ಅವನು ಊರಿಗೆ ಮರಳಲಿಲ್ಲ. ಪೂರ್ವ ಆಫ್ರಿಕದ ರೇವುಗಳನ್ನೂ ಕಾನ್‌ಸ್ಟಾಂಟಿನೋಪಲ್ ನಗರವನ್ನೂ ಮಧ್ಯ ಏಷ್ಯವನ್ನೂ ಸುತ್ತಿ 1333ರಲ್ಲಿ ಸಿಂಧೂ ನದಿಯ ತೀರವನ್ನು ಮುಟ್ಟಿದನು. ದಿಲ್ಲಿಯ ಸುಲ್ತಾನ ಮುಹಮ್ಮದ್ ಬಿನ್ ತುಘಲಕನು ಅವನನ್ನು ನ್ಯಾಯಾಧೀಶನನ್ನಾಗಿ ನೇಮಿಸಿದನು. ಹುಟ್ಟೂರಿನಲ್ಲಿ ಕಲಿತ ವಿದ್ಯೆ ಸಾವಿರಾರು ಮೈಲಿಗಳ ಆಚೆಯಲ್ಲಿಯೂ ಅವನಿಗೆ ಅನ್ನ ನೀಡಿತು.

ಕೆಲವು ವರ್ಷಗಳ ಅನಂತರ ಸುಲ್ತಾನನು ಅವನನ್ನು ಚೀನಕ್ಕೆ ರಾಯಭಾರಿಯಾಗಿ ಕಳುಹಿಸಿದನು. ಪಶ್ಚಿಮ ಕರಾವಳಿಯಲ್ಲಿ ಸಾಗುತ್ತ ಅವನು ನಮ್ಮ ಹೊನ್ನಾವರ, ಬಾರಕೂರು, ಮಂಗಳೂರುಗಳನ್ನು ಕಂಡನು. ಹೊನ್ನಾವರದಲ್ಲಿ ಬಾಲಕರಿಗೆ 23, ಬಾಲಕಿಯರಿಗೆ 13 ಶಾಲೆಗಳಿದ್ದುವೆಂದು ಅವನು ದಾಖಲಿಸಿದ್ದಾನೆ. ಆದರೆ ಕಲ್ಲಿಕೋಟೆಯಲ್ಲಿ ದುರ್ದೈವ ಕಾದಿತ್ತು. ಬಿರುಗಾಳಿಗೆ ಸಿಕ್ಕಿ ಕಾಣಿಕೆಗಳ ಹಡಗು ಒಡೆದುಹೋಯಿತು. ಅವನ ಸ್ವಂತ ಸಾಮಾನುಗಳಿದ್ದ ಹಡಗು ಅವನನ್ನು ದಡದಲ್ಲಿಯೇ ಬಿಟ್ಟು ಹೊರಟುಹೋಯಿತು. ಬರಿಗೈಯಲ್ಲಿ ಸುಲ್ತಾನನ ಮುಂದೆ ನಿಲ್ಲಲು ಅವನಿಗೆ ಧೈರ್ಯವಾಗಲಿಲ್ಲ.

ಮುಂದೆ ಅವನು ಮಾಲ್ಡೀವ್ಸ್ ದ್ವೀಪಗಳಿಗೆ ಹೋಗಿ ಅಲ್ಲಿಯೂ ನ್ಯಾಯಾಧೀಶನಾದನು. ಅಲ್ಲಿನ ಜನರು ಕಡಲಿನಿಂದ ಕವಡೆಗಳನ್ನು ತೆಗೆದು ಬಂಗಾಳಕ್ಕೆ ಕಳುಹಿಸಿ ಅಕ್ಕಿಯನ್ನು ತರಿಸಿಕೊಳ್ಳುತ್ತಿದ್ದರು. ಆ ಪುಟ್ಟ ಕವಡೆಯನ್ನು ತಾನು ಮತ್ತೊಮ್ಮೆ ಎಲ್ಲಿ ಕಾಣುವೆನೆಂದು ಅವನಿಗೆ ಆಗ ತಿಳಿದಿರಲಿಲ್ಲ.

ಸಿಂಹಳ, ಬಂಗಾಳ, ಸುಮಾತ್ರ, ಚೀನಗಳನ್ನು ಸಂದರ್ಶಿಸಿ ಅವನು ಹಿಂದಿರುಗುವಾಗ ಪ್ಲೇಗಿನ ಮಹಾಮಾರಿ ಊರೂರುಗಳನ್ನು ಬರಿದುಮಾಡುತ್ತಿತ್ತು. ಸರಕು ಸಾಗಿದ ಹಾದಿಗಳಲ್ಲಿಯೇ ರೋಗವೂ ಸಾಗಿತ್ತು. ತಂದೆ ತೀರಿಕೊಂಡು ಹದಿನೈದು ವರ್ಷಗಳಾದುವೆಂಬ ಸುದ್ದಿ ಡಮಾಸ್ಕಸಿನಲ್ಲಿ ತಿಳಿಯಿತು. 1349ರಲ್ಲಿ ತಾಯ್ನಾಡನ್ನು ಸೇರುವಷ್ಟರಲ್ಲಿ ತಾಯಿಯೂ ಪ್ಲೇಗಿಗೆ ಬಲಿಯಾಗಿದ್ದಳು. ಲೋಕವನ್ನೆಲ್ಲ ಕಂಡು ಬಂದವನಿಗೆ ಹೆತ್ತವಳ ಸಮಾಧಿಯ ದರ್ಶನ ಮಾತ್ರ ಲಭಿಸಿತು.

1352ರಲ್ಲಿ ಅವನು ಸಹಾರಾ ಮರುಭೂಮಿಯನ್ನು ದಾಟಿ ಮಾಲಿ ರಾಜ್ಯಕ್ಕೆ ಹೋದನು. ಅಲ್ಲಿನ ಪೇಟೆಯಲ್ಲಿ ಹಣವಾಗಿ ಚಲಾವಣೆಯಲ್ಲಿದ್ದುದು ಅದೇ ಕವಡೆ! ಹಿಂದೂ ಮಹಾಸಾಗರದ ಚಿಪ್ಪೊಂದು ಕೈಯಿಂದ ಕೈಗೆ ದಾಟುತ್ತ ಪಶ್ಚಿಮ ಆಫ್ರಿಕವನ್ನು ತಲುಪಿತ್ತು.

ಊರಿಗೆ ಮರಳಿದ ಮೇಲೆ ಮೊರಾಕೊ ಸುಲ್ತಾನನ ಆಜ್ಞೆಯಂತೆ ಅವನು ತನ್ನ ಅನುಭವಗಳನ್ನು ಹೇಳಿ ಬರೆಯಿಸಿದನು. ಆ ಗ್ರಂಥವು 1355ರಲ್ಲಿ ಪೂರ್ಣವಾಯಿತು. ಬಹುಪಾಲು ನೆನಪಿನಿಂದಲೇ ಹೇಳಿದುದರಿಂದ ಅದರ ಕೆಲವು ಭಾಗಗಳನ್ನು ವಿದ್ವಾಂಸರು ಸಂಶಯಿಸುತ್ತಾರೆ. ಆದರೂ ಆ ಕಾಲದ ಜಗತ್ತನ್ನು ಇಷ್ಟು ವಿಸ್ತಾರವಾಗಿ ತೋರಿಸುವ ಗ್ರಂಥಗಳು ವಿರಳ. ಅವನು 1368ರ ಸುಮಾರಿಗೆ ಕಾಲವಾದನು.

ದೂರದ ನಾಡುಗಳ ಸುಖದುಃಖಗಳು ಒಂದಕ್ಕೊಂದು ಹೆಣೆದುಕೊಂಡಿವೆ. ಒಂದೆಡೆಯ ಕವಡೆ ಇನ್ನೊಂದೆಡೆಯ ಹಣ. ಒಂದೆಡೆಯ ವ್ಯಾಧಿ ಇನ್ನೊಂದೆಡೆಯ ಶೋಕ. ಇಬ್ನ್ ಬತೂತನ ಬಾಳು ನಮಗೆ ಕಲಿಸುವ ಭೂಗೋಳವೂ ಚರಿತ್ರೆಯೂ ಇದೇ.