ಎರಡು ಗೆರೆಗಳ ನಡುವೆ: ಜಾರ್ಜ್ ಹೆರಿಮನ್‌ನ ಬದುಕು ಮತ್ತು ‘ಕ್ರೇಜಿ ಕ್ಯಾಟ್’

ಜಾರ್ಜ್ ಜೋಸೆಫ್ ಹೆರಿಮನ್‌ನ ಬದುಕಿನ ಎರಡು ತುದಿಗಳಲ್ಲಿರುವ ಎರಡು ಸರ್ಕಾರಿ ದಾಖಲೆಗಳು ಒಂದನ್ನೊಂದು ಒಪ್ಪುವುದಿಲ್ಲ. 1880ರ ಆಗಸ್ಟ್ 22ರಂದು ಅಮೆರಿಕದ ಲೂಯಿಸಿಯಾನ ರಾಜ್ಯದ ನ್ಯೂ ಆರ್ಲಿಯನ್ಸ್ ನಗರದಲ್ಲಿ ಹುಟ್ಟಿದ ಈ ಮಗುವನ್ನು ಜನನಪತ್ರವು ಕಲರ್ಡ್ ಎಂದು, ಅಂದರೆ ಬಿಳಿಯನಲ್ಲದವನೆಂದು, ನಮೂದಿಸುತ್ತದೆ. 1944ರ ಏಪ್ರಿಲ್ 25ರಂದು ಲಾಸ್ ಏಂಜಲೀಸ್‌ನಲ್ಲಿ ತೀರಿಕೊಂಡ ಅದೇ ವ್ಯಕ್ತಿಯನ್ನು ಮರಣಪತ್ರವು ಬಿಳಿಯನೆಂದು ಕರೆಯುತ್ತದೆ. ಅವನ ತಂದೆತಾಯಿಯರ ಮೂಲವನ್ನು ಫ್ರಾನ್ಸಿಗೆ ಕೊಂಡೊಯ್ಯುತ್ತದೆ. ಈ ಎರಡು ಕಾಗದಗಳ ನಡುವಿನ ಅರವತ್ತಮೂರು ವರ್ಷಗಳಲ್ಲಿ ಹೆರಿಮನ್ ಪತ್ರಿಕೆಗಳಿಗಾಗಿ ಸಾವಿರಾರು ಚಿತ್ರಸರಣಿಗಳನ್ನು ರಚಿಸಿದ. ಅವುಗಳಲ್ಲಿ ‘ಕ್ರೇಜಿ ಕ್ಯಾಟ್’ ಎಂಬುದು ಈ ಪ್ರಕಾರದ ಶ್ರೇಷ್ಠ ಕೃತಿಗಳಲ್ಲಿ ಒಂದೆಂದು ಇಂದು ವ್ಯಾಪಕವಾಗಿ ಮಾನ್ಯವಾಗಿದೆ. ಪತ್ರಿಕೆಯ ಕೊನೆಯ ಪುಟಗಳಲ್ಲಿ ಅಚ್ಚಾಗಿ, ಮರುದಿನ ಪೊಟ್ಟಣ ಕಟ್ಟಲು ಬಳಕೆಯಾಗುವ ಒಂದು ಪ್ರಕಾರಕ್ಕೆ ಸಾಹಿತ್ಯಕ ಓದಿನ ಗಾಂಭೀರ್ಯ ಹೇಗೆ ಬಂತು, ಹಾಗೂ ಆ ಓದಿನಲ್ಲಿ ಲೇಖಕನ ಜನ್ಮಮೂಲಕ್ಕೆ ಎಷ್ಟು ಪಾಲು ಸಲ್ಲಬೇಕು ಎಂಬ ಎರಡು ಪ್ರಶ್ನೆಗಳು ಈ ಬದುಕಿನಲ್ಲಿ ಹೆಣೆದುಕೊಂಡಿವೆ.

ಹೆರಿಮನ್ ಮನೆತನ ನ್ಯೂ ಆರ್ಲಿಯನ್ಸ್‌ನ ವರ್ಣೀಯ ಕ್ರಿಯೋಲ್ ಸಮುದಾಯಕ್ಕೆ ಸೇರಿದ್ದು. ಫ್ರೆಂಚ್, ಸ್ಪ್ಯಾನಿಷ್ ಮತ್ತು ಆಫ್ರಿಕನ್ ಮೂಲಗಳು ಬೆರೆತ, ಬಹುಪಾಲು ಕ್ಯಾಥೊಲಿಕ್ ಆದ ಈ ಸಮುದಾಯವು ಗುಲಾಮಗಿರಿಯ ಕಾಲದಲ್ಲಿಯೇ ಸ್ವತಂತ್ರರಾಗಿದ್ದ ಕುಶಲಕರ್ಮಿಗಳನ್ನೂ ವ್ಯಾಪಾರಿಗಳನ್ನೂ ಒಳಗೊಂಡಿತ್ತು. ಹೆರಿಮನ್‌ನ ಹಿರಿಯರು ದರ್ಜಿ ವೃತ್ತಿಯವರು. ಅಂತರ್ಯುದ್ಧದ ನಂತರ ದೊರೆತಿದ್ದ ಹಕ್ಕುಗಳು ಒಂದೊಂದಾಗಿ ಕಳಚಿಬೀಳತೊಡಗಿದಾಗ ಈ ಮಧ್ಯಮ ಪದರದವರ ಸ್ಥಿತಿ ಬಿಕ್ಕಟ್ಟಿಗೆ ಸಿಲುಕಿತು. 1890ರಲ್ಲಿ ಲೂಯಿಸಿಯಾನ ರಾಜ್ಯವು ರೈಲುಗಳಲ್ಲಿ ಬಿಳಿಯರಿಗೂ ಬಿಳಿಯರಲ್ಲದವರಿಗೂ ಪ್ರತ್ಯೇಕ ಡಬ್ಬಿಗಳನ್ನು ಕಡ್ಡಾಯಗೊಳಿಸುವ ಕಾನೂನನ್ನು ತಂದಿತು. ಅದನ್ನು ಪ್ರಶ್ನಿಸಿ ಬಿಳಿಯರ ಡಬ್ಬಿಯಲ್ಲಿ ಕುಳಿತ ಹೋಮರ್ ಪ್ಲೆಸಿ ಇದೇ ಕ್ರಿಯೋಲ್ ಸಮುದಾಯದವನು. 1896ರಲ್ಲಿ ಅಮೆರಿಕದ ಸರ್ವೋಚ್ಚ ನ್ಯಾಯಾಲಯ ಅವನ ವಿರುದ್ಧ ತೀರ್ಪು ನೀಡಿ ಪ್ರತ್ಯೇಕತೆಗೆ ಶಾಸನದ ಮುದ್ರೆಯೊತ್ತಿತು. ಆ ತೀರ್ಪು ಬರುವ ವೇಳೆಗೆ ಹೆರಿಮನ್ ಕುಟುಂಬ ಊರು ಬಿಟ್ಟು ಕೆಲವು ವರ್ಷಗಳಾಗಿದ್ದವು. ಜಾರ್ಜ್‌ಗೆ ಹತ್ತು ವರ್ಷವಾಗಿದ್ದ ಸುಮಾರಿಗೆ ಅವರು ಖಂಡದ ಇನ್ನೊಂದು ಅಂಚಿನ ಲಾಸ್ ಏಂಜಲೀಸ್‌ಗೆ ವಲಸೆ ಹೋಗಿ, ಅಲ್ಲಿ ಬಿಳಿಯರೆಂದೇ ನೆಲೆಸಿದರು. ಹೀಗೆ ಬಿಳಿಯರೊಳಗೆ ಸದ್ದಿಲ್ಲದೆ ಸೇರಿಹೋಗುವುದನ್ನು ಅಮೆರಿಕದಲ್ಲಿ ಪಾಸಿಂಗ್ ಎಂದು ಕರೆಯುತ್ತಾರೆ. ಅದನ್ನು ವಂಚನೆಯೆಂದು ಭಾವಿಸುವವರು, ಕಾನೂನೇ ಮನುಷ್ಯನನ್ನು ವಂಚಿಸುತ್ತಿದ್ದ ಕಾಲವದು ಎಂಬುದನ್ನು ಮರೆಯಬಾರದು. ಈ ದಾಟುವಿಕೆಗೆ ತೆರಬೇಕಾಗಿದ್ದ ಬೆಲೆಯೂ ಸಣ್ಣದಲ್ಲ: ಹಿಂದೆ ಬಿಟ್ಟ ನಂಟರಿಷ್ಟರ ಹೆಸರು, ಊರಿನ ನೆನಪು, ಮನೆಯ ಮಾತು ಎಲ್ಲವನ್ನೂ ತುಟಿಯಾಚೆ ಬಾರದಂತೆ ನೋಡಿಕೊಳ್ಳಬೇಕಿತ್ತು.

ಸೇಂಟ್ ವಿನ್ಸೆಂಟ್ ಕಾಲೇಜು ಎಂಬ ಕ್ಯಾಥೊಲಿಕ್ ಶಾಲೆಯಲ್ಲಿ ಓದಿದ ಹೆರಿಮನ್‌ಗೆ ಪತ್ರಿಕೆಯ ನಂಟು ಬೇಗನೆ ಕುದುರಿತು. 1897ರಲ್ಲಿ ‘ಲಾಸ್ ಏಂಜಲೀಸ್ ಹೆರಾಲ್ಡ್’ ಪತ್ರಿಕೆ ಅವನ ಒಂದು ರೇಖಾಚಿತ್ರವನ್ನು ಕೊಂಡು, ಅಚ್ಚುಪಡಿ ಕೊರೆಯುವ ವಿಭಾಗದಲ್ಲಿ ಸಹಾಯಕನ ಕೆಲಸವನ್ನೂ ಕೊಟ್ಟಿತು. 1900ರ ಸುಮಾರಿಗೆ ಸರಕು ರೈಲಿನಲ್ಲಿ ಅಡಗಿ ಕುಳಿತು ನ್ಯೂಯಾರ್ಕ್ ಸೇರಿದ. ಕೋನಿ ಐಲೆಂಡಿನ ಜಾತ್ರೆಯಂಥ ವಿನೋದತಾಣದಲ್ಲಿ ಫಲಕ ಬರೆದು ದಿನ ದೂಡಿದ. 1901ರಲ್ಲಿ ‘ಜಡ್ಜ್’ ಎಂಬ ಹಾಸ್ಯಪತ್ರಿಕೆಯೂ ಪುಲಿಟ್ಜರ್‌ನ ‘ನ್ಯೂಯಾರ್ಕ್ ವರ್ಲ್ಡ್’ ಪತ್ರಿಕೆಯೂ ಅವನ ಚಿತ್ರಗಳನ್ನು ಸ್ವೀಕರಿಸಿದವು.

ಆ ಹೊತ್ತಿಗೆ ನ್ಯೂಯಾರ್ಕ್ ಪತ್ರಿಕಾಲೋಕದಲ್ಲಿ ಚಿತ್ರಸರಣಿಯು ಪ್ರಸಾರ ಸಮರದ ಆಯುಧವಾಗಿ ಬೆಳೆದಿತ್ತು. 1895ರಲ್ಲಿ ರಿಚರ್ಡ್ ಔಟ್‌ಕಾಲ್ಟ್‌ನ ಹಳದಿ ಅಂಗಿಯ ಹುಡುಗ ‘ವರ್ಲ್ಡ್’ ಪತ್ರಿಕೆಯ ಪುಟಗಳಲ್ಲಿ ಕಾಣಿಸಿಕೊಂಡ ಮರುವರ್ಷವೇ ವಿಲಿಯಂ ರ್‍ಯಾಂಡಾಲ್ಫ್ ಹರ್ಸ್ಟ್ ಆ ಚಿತ್ರಕಾರನನ್ನು ಹೆಚ್ಚಿನ ಸಂಬಳಕ್ಕೆ ತನ್ನ ‘ಜರ್ನಲ್’ ಪತ್ರಿಕೆಗೆ ಎಳೆದುಕೊಂಡಿದ್ದ. 1897ರಲ್ಲಿ ಬಂದ ರುಡಾಲ್ಫ್ ಡರ್ಕ್ಸ್‌ನ ‘ಕಾಟ್ಸೆನ್‌ಯಾಮರ್ ಕಿಡ್ಸ್’ ಜರ್ಮನ್ ವಲಸಿಗರ ಒಡಕು ಇಂಗ್ಲಿಷನ್ನು ಆಡಿತು. ಇಂಗ್ಲಿಷ್ ಸರಿಯಾಗಿ ಬಾರದ ಲಕ್ಷಾಂತರ ವಲಸಿಗರು ಪತ್ರಿಕೆಯನ್ನು ಕೈಗೆತ್ತಿಕೊಳ್ಳಲು ಚಿತ್ರವೇ ಮೊದಲ ಮೆಟ್ಟಿಲಾಗಿತ್ತು. ಅದರ ಹಾಸ್ಯವಾದರೋ ಹೆಚ್ಚಾಗಿ ಜನಾಂಗಗಳ ಅಣಕದಿಂದ ಬದುಕುತ್ತಿತ್ತು. ಕಪ್ಪು ಜನರನ್ನು ದಪ್ಪ ತುಟಿಯ ಪೆದ್ದರನ್ನಾಗಿ ಬರೆಯುವುದು ರೂಢಿಯೇ ಆಗಿದ್ದ ಆ ವಲಯದಲ್ಲಿ ಹೆರಿಮನ್ ಕೂಡ ಅದೇ ರೂಢಿಯ ಚಿತ್ರಗಳನ್ನು ಬರೆದನೆಂಬುದನ್ನು ಮುಚ್ಚಿಡಬೇಕಾಗಿಲ್ಲ. 1902ರಲ್ಲಿ ಅವನು ರಚಿಸಿದ ‘ಮ್ಯೂಸಿಕಲ್ ಮೋಸ್’ ಎಂಬ ಅಲ್ಪಾಯು ಸರಣಿಯಲ್ಲಿ ಒಬ್ಬ ಕಪ್ಪು ಸಂಗೀತಗಾರ ಬೇರೆ ಜನಾಂಗದವನ ವೇಷ ತೊಟ್ಟು ವಾದ್ಯ ನುಡಿಸುತ್ತಾನೆ. ಗುಟ್ಟು ರಟ್ಟಾಗಿ ಒದೆ ತಿನ್ನುತ್ತಾನೆ. ಇಪ್ಪತ್ತೆರಡು ತುಂಬದ ಯುವಕನೊಬ್ಬ, ತನ್ನ ಗುಟ್ಟನ್ನೇ ಹೋಲುವ ಗುಟ್ಟನ್ನು ನಗರದ ಎದುರು ನಗೆಯಾಗಿ ಹರಡಿದ್ದು ಧೈರ್ಯವೋ ಭಯವೋ ಎಂದು ತೀರ್ಮಾನಿಸುವುದು ಸುಲಭವಲ್ಲ.

ಅದೇ ವರ್ಷ ಲಾಸ್ ಏಂಜಲೀಸ್‌ನ ಬಾಲ್ಯದ ಗೆಳತಿ ಮೇಬೆಲ್ ಬ್ರಿಜ್ ಎಂಬವಳನ್ನು ಮದುವೆಯಾದ. ಇಬ್ಬರು ಹೆಣ್ಣುಮಕ್ಕಳಾದರು. ಮುಂದಿನ ಕೆಲವು ವರ್ಷ ಪತ್ರಿಕೆಯಿಂದ ಪತ್ರಿಕೆಗೆ, ಒಂದು ಕರಾವಳಿಯಿಂದ ಇನ್ನೊಂದಕ್ಕೆ ಅಲೆದು, ಕೊನೆಗೆ ಹರ್ಸ್ಟ್‌ನ ಬಳಗದಲ್ಲಿ ನೆಲೆ ನಿಂತ. ಗುಂಗುರು ಕೂದಲಿನ, ಎಣ್ಣೆಗಪ್ಪು ಮೈಬಣ್ಣದ, ತಲೆಯಿಂದ ಟೋಪಿ ತೆಗೆಯದ ಈ ಸಹೋದ್ಯೋಗಿಯ ಮೂಲವನ್ನು ಊಹಿಸಲಾಗದೆ ಪತ್ರಿಕಾ ಕಚೇರಿಯವರು ಗ್ರೀಕನೆಂದು ಕರೆದರು. ಅವನು ಆ ಹೆಸರನ್ನು ತಿದ್ದಲು ಹೋಗಲಿಲ್ಲ.

1910ರ ಜೂನ್ 20ರಂದು ‘ನ್ಯೂಯಾರ್ಕ್ ಈವ್ನಿಂಗ್ ಜರ್ನಲ್’ನಲ್ಲಿ ‘ದಿ ಡಿಂಗ್‌ಬ್ಯಾಟ್ ಫ್ಯಾಮಿಲಿ’ ಆರಂಭವಾಯಿತು. ಬಾಡಿಗೆ ಮನೆಯಲ್ಲಿರುವ ಒಂದು ಸಂಸಾರ ಮತ್ತು ಎಂದೂ ಕಣ್ಣಿಗೆ ಬೀಳದ ಮೇಲ್ಮಹಡಿಯ ಸಂಸಾರ ಅದರ ವಸ್ತು. ಮೂಲ ಕಥೆ ಮುಗಿದ ಮೇಲೂ ಚೌಕದ ಕೆಳಭಾಗದಲ್ಲಿ ಖಾಲಿ ಜಾಗ ಉಳಿಯುತ್ತಿತ್ತು. ಜುಲೈ 26ರಂದು ಆ ಜಾಗದಲ್ಲಿ ಒಂದು ಇಲಿ ಮನೆಯ ಬೆಕ್ಕಿಗೆ ಏನನ್ನೋ ಎಸೆಯಿತು. ಇಪ್ಪತ್ತೆರಡು ದಿನಗಳ ಹಿಂದಷ್ಟೇ ಕಪ್ಪು ಮುಷ್ಟಿಮಲ್ಲ ಜ್ಯಾಕ್ ಜಾನ್ಸನ್ ಬಿಳಿಯ ಜಿಮ್ ಜೆಫ್ರೀಸ್‌ನನ್ನು ರೀನೋ ನಗರದಲ್ಲಿ ಸೋಲಿಸಿದ್ದ. ಆ ಗೆಲುವಿನ ಬೆನ್ನಿಗೆ ದೇಶದ ಹಲವೆಡೆ ಕಪ್ಪು ಜನರ ಮೇಲೆ ಹಲ್ಲೆಗಳಾಗಿದ್ದವು. ಕ್ರೀಡಾಪುಟದ ಚಿತ್ರಕಾರನಾಗಿ ಹೆರಿಮನ್ ಜಾನ್ಸನ್‌ನ ಚಿತ್ರಗಳನ್ನು ಬರೆದವನೇ. ಈ ಎರಡು ಘಟನೆಗಳನ್ನು ಜೋಡಿಸುವ ಆಸೆ ಯಾವ ಓದುಗನಿಗೂ ಹುಟ್ಟೀತು. ಆದರೆ ಕಾಲದ ಸಾಮೀಪ್ಯ ಕಾರಣಕ್ಕೆ ಸಾಕ್ಷಿಯಾಗುವುದಿಲ್ಲ.

ಅಂಚಿನಲ್ಲಿ ಹುಟ್ಟಿದ ಬೆಕ್ಕು ಮತ್ತು ಇಲಿ 1913ರ ಅಕ್ಟೋಬರ್ 28ರಿಂದ ಸ್ವಂತ ಸರಣಿಯನ್ನು ಪಡೆದವು. 1916ರ ಏಪ್ರಿಲ್ 23ರಿಂದ ಭಾನುವಾರದ ಇಡೀ ಪುಟ ದೊರೆಯಿತು. ಆ ಪುಟ ಮಕ್ಕಳ ಬಣ್ಣದ ಪುರವಣಿಯಲ್ಲಿ ಬರದೆ ಕಲೆ ಮತ್ತು ನಾಟಕಕ್ಕೆ ಮೀಸಲಾದ ವಿಭಾಗದಲ್ಲಿ ಕಪ್ಪು ಬಿಳುಪಿನಲ್ಲಿ ಬಂತೆಂಬುದು ಗಮನಾರ್ಹ. ಮೂರೇ ಮುಖ್ಯ ಪಾತ್ರಗಳು. ಕ್ರೇಜಿ ಎಂಬ ಕಪ್ಪು ಬೆಕ್ಕಿಗೆ ಇಗ್ನಾಟ್ಸ್ ಎಂಬ ಇಲಿಯ ಮೇಲೆ ಪ್ರೀತಿ. ಇಲಿಗೆ ಬೆಕ್ಕಿನ ಮೇಲೆ ತಿರಸ್ಕಾರ. ಅದು ಬೆಕ್ಕಿನ ತಲೆಗೆ ಗುರಿಯಿಟ್ಟು ಇಟ್ಟಿಗೆ ಎಸೆಯುತ್ತದೆ. ಬೆಕ್ಕು ಆ ಏಟನ್ನು ಒಲವಿನ ಕಾಣಿಕೆಯೆಂದೇ ತಿಳಿಯುತ್ತದೆ. ಆಫಿಸಾ ಪಪ್ ಎಂಬ ಪೊಲೀಸ್ ನಾಯಿ ಬೆಕ್ಕನ್ನು ಗುಟ್ಟಾಗಿ ಪ್ರೀತಿಸುತ್ತ, ಇಲಿಯನ್ನು ಜೈಲಿಗೆ ತಳ್ಳುತ್ತ ಬೆಕ್ಕಿನ ಏಕೈಕ ಸಂತೋಷವನ್ನೇ ಕಸಿಯುತ್ತದೆ. ಮೂವತ್ತು ವರ್ಷ ಹೆರಿಮನ್ ಇದೊಂದನ್ನೇ ಮತ್ತೆ ಮತ್ತೆ ಹೇಳಿದ. ಕಥೆ ಬೆಳೆಯುವುದಿಲ್ಲ; ಬೇರೆ ಬೇರೆ ಬೆಳಕಿನಲ್ಲಿ ತಿರುಗುತ್ತದೆ, ಅಷ್ಟೆ. ಒಂದೇ ರಾಗವನ್ನು ದಿನವೂ ಹೊಸದಾಗಿ ವಿಸ್ತರಿಸುವ ಗಾಯಕನ ಕ್ರಮ ಇದಕ್ಕೆ ಹತ್ತಿರದ ಹೋಲಿಕೆ.

ಕಥೆ ನಡೆಯುವ ನೆಲ ಅರಿಜೋನ ರಾಜ್ಯದ ಕೊಕೊನಿನೊ ಕೌಂಟಿ. ಹೆಸರು ನಿಜ, ಭೂಗೋಳ ಕಲ್ಪಿತ. ಮಾನ್ಯುಮೆಂಟ್ ವ್ಯಾಲಿಯ ಕೆಂಪು ಬಂಡೆಗಳು, ಕಯೆಂಟಾ ಊರಿನ ಸುತ್ತಲಿನ ನವಾಹೊ ಜನರ ಕಂಬಳಿ ಮತ್ತು ಮಡಕೆಗಳ ವಿನ್ಯಾಸಗಳು ಹೆರಿಮನ್‌ಗೆ ಬಲು ಪ್ರಿಯ. ಅಲ್ಲಿನ ವೆದರಿಲ್ ದಂಪತಿಗಳ ಆತಿಥ್ಯದಲ್ಲಿ ಅವನು ಹಲವು ಸಲ ತಂಗಿದ್ದ. ಪಾತ್ರಗಳು ನಿಂತಲ್ಲೇ ನಿಂತು ಮಾತನಾಡುತ್ತಿರುವಾಗ ಹಿನ್ನೆಲೆ ಮಾತ್ರ ಒಂದು ಚೌಕದಿಂದ ಇನ್ನೊಂದಕ್ಕೆ ಬದಲಾಗುತ್ತದೆ: ಬಂಡೆ ಮರವಾಗುತ್ತದೆ, ಹಗಲು ಇರುಳಾಗುತ್ತದೆ. ಯಾರೂ ಅದನ್ನು ಗಮನಿಸುವುದಿಲ್ಲ.

ಭಾಷೆಯ ವಿಷಯದಲ್ಲಿ ಈ ಸರಣಿ ವಿಶೇಷ ಪರಿಶೀಲನೆಗೆ ಅರ್ಹ. ಕ್ರೇಜಿಯ ಮಾತಿನಲ್ಲಿ ಕ್ರಿಯೋಲ್ ಫ್ರೆಂಚಿನ ಎಳೆ, ಸ್ಪ್ಯಾನಿಷ್, ನ್ಯೂಯಾರ್ಕ್ ಬೀದಿಯ ಯಿಡ್ಡಿಷ್ ಉಚ್ಚಾರ ಮತ್ತು ಉದಾತ್ತ ಇಂಗ್ಲಿಷ್ ಗದ್ಯದ ಅಣಕ ಒಟ್ಟಿಗೆ ಕಲೆತಿವೆ. ಬರಹದ ಕಾಗುಣಿತ ಕಿವಿಗೆ ಶರಣಾಗಿದೆ. ಇತರ ಸರಣಿಗಳಲ್ಲಿ ಒಡಕು ಇಂಗ್ಲಿಷ್ ಆಡುವವನು ನಗೆಪಾಟಲಾಗುತ್ತಾನೆ; ಇಲ್ಲಿ ಒಡಕು ಮಾತೇ ಕಾವ್ಯದ ಹತ್ತಿರ ಸಾಗುತ್ತದೆ, ಶುದ್ಧ ಮಾತಾಡುವ ಪಪ್‌ನ ಗತ್ತು ಪೊಳ್ಳಾಗಿ ಕೇಳಿಸುತ್ತದೆ. ಶಿಷ್ಟ ಮತ್ತು ಆಡುಮಾತಿನ ತಾರತಮ್ಯದ ಈ ತಿರುವುಮುರುವು ಹೆರಿಮನ್‌ನ ದೊಡ್ಡ ಸಾಧನೆ.

ಕ್ರೇಜಿಯ ಲಿಂಗವೂ ಹೀಗೆಯೇ ಅನಿಶ್ಚಿತ. ಇಂಗ್ಲಿಷಿನ ಪುಲ್ಲಿಂಗ ಮತ್ತು ಸ್ತ್ರೀಲಿಂಗ ಸರ್ವನಾಮಗಳು ಅದೇ ಪಾತ್ರಕ್ಕೆ ಸರದಿಯ ಮೇಲೆ ಬರುತ್ತವೆ. ಹೆರಿಮನ್ ಯಾವುದನ್ನೂ ಖಚಿತಪಡಿಸಲಿಲ್ಲ. ಕನ್ನಡದಲ್ಲಿ ಈ ಸರಣಿಯನ್ನು ಕುರಿತು ಬರೆಯುವವರಿಗೆ ಇಲ್ಲೊಂದು ತೊಡಕಿದೆ. ಪ್ರಾಣಿಯಾದ್ದರಿಂದ ‘ಅದು’ ಎಂಬ ನಪುಂಸಕ ಸರ್ವನಾಮ ತಾನಾಗಿ ಬಂದು ಸಮಸ್ಯೆಯನ್ನು ಪರಿಹರಿಸಿಬಿಡುತ್ತದೆ. ಪರಿಹಾರವೇ ಇಲ್ಲಿ ನಷ್ಟ. ಮೂಲದ ಓದುಗ ಅವನು, ಅವಳು ಎಂಬ ಎರಡು ಪದಗಳ ನಡುವೆ ತೂಗಾಡುತ್ತಾನೆ. ಕನ್ನಡದ ಓದುಗನಿಗೆ ಆ ತೂಗಾಟವೇ ಕಾಣಿಸದು.

ಒಂದು ಪುಟದಲ್ಲಿ ಕ್ರೇಜಿ ಸೌಂದರ್ಯಾಲಯಕ್ಕೆ ಹೋಗಿ ಬೆಳ್ಳಗಾಗಿ ಹೊರಬರುತ್ತದೆ. ಗುರುತು ಹಿಡಿಯದ ಇಗ್ನಾಟ್ಸ್ ಆ ಬಿಳಿಯ ಚೆಲುವಿಗೆ ಮರುಳಾಗುತ್ತದೆ. ಅದು ಕ್ರೇಜಿಯೇ ಎಂದು ತಿಳಿದೊಡನೆ ಇಟ್ಟಿಗೆ ಹಾರುತ್ತದೆ. ಪತ್ರಿಕೆಯ ಓದುಗರು ಇದನ್ನು ಎಂದಿನ ವಿನೋದವೆಂದೇ ಓದಿರಬೇಕು.

ವಿನೋದವೆಂದು ಓದಿದವರಾದರೂ ಎಷ್ಟು ಜನ? ಸಾಮಾನ್ಯ ಓದುಗರಿಗೆ ‘ಕ್ರೇಜಿ ಕ್ಯಾಟ್’ ಅರ್ಥವಾಗದ ಸರಣಿಯಾಗಿತ್ತು. ಅನೇಕ ಸಂಪಾದಕರು ಅದನ್ನು ಕೈಬಿಟ್ಟರು. ಇನ್ನೊಂದೆಡೆ 1921ರಲ್ಲಿ ಜಾನ್ ಆಲ್ಡನ್ ಕಾರ್ಪೆಂಟರ್ ಎಂಬ ಸಂಗೀತ ಸಂಯೋಜಕ ಅದನ್ನು ಆಧರಿಸಿ ನೃತ್ಯರೂಪಕವೊಂದನ್ನು ರಚಿಸಿದ. 1924ರಲ್ಲಿ ವಿಮರ್ಶಕ ಗಿಲ್ಬರ್ಟ್ ಸೆಲ್ಡಿಸ್ ಜನಪ್ರಿಯ ಕಲೆಗಳನ್ನು ಕುರಿತ ‘ದಿ ಸೆವೆನ್ ಲೈವ್ಲಿ ಆರ್ಟ್ಸ್’ ಗ್ರಂಥದಲ್ಲಿ ಈ ಬೆಕ್ಕಿಗೆ ಒಂದು ಅಧ್ಯಾಯವನ್ನೇ ಮೀಸಲಿಟ್ಟ. ಆದರೂ ಸರಣಿಯನ್ನು ಉಳಿಸಿದ್ದು ಪಂಡಿತರ ಮೆಚ್ಚುಗೆಯಲ್ಲ. ಹರ್ಸ್ಟ್‌ಗೆ ಅದು ಸ್ವಂತ ಅಭಿರುಚಿಯಿಂದ ಮೆಚ್ಚಿಗೆಯಾಗಿತ್ತು. ಲಾಭವಿಲ್ಲದಿದ್ದರೂ ಅದನ್ನು ಮುಂದುವರಿಸಲು ಆತ ಪಟ್ಟು ಹಿಡಿದ. ಅಗ್ಗದ ರೋಚಕ ಪತ್ರಿಕೋದ್ಯಮಕ್ಕೆ ಕುಖ್ಯಾತನಾದ ಧಣಿಯೊಬ್ಬ ತನ್ನ ಕಾಲದ ಅತ್ಯಂತ ಸೂಕ್ಷ್ಮ ಕಲಾವಿದನಿಗೆ ಆಶ್ರಯದಾತನಾದದ್ದು, ಮಾರುಕಟ್ಟೆಯೇ ಜನಪ್ರಿಯ ಕಲೆಯನ್ನು ರೂಪಿಸುತ್ತದೆಂಬ ಸರಳ ಸೂತ್ರಕ್ಕೆ ಹೊಂದದ ಸಂಗತಿ.

1922ರ ನಂತರ ಹೆರಿಮನ್ ಕ್ಯಾಲಿಫೋರ್ನಿಯದಲ್ಲಿಯೇ ಉಳಿದ. ಸಂಕೋಚದ, ಮೆದುಮಾತಿನ ಮನುಷ್ಯ. 1931ರಲ್ಲಿ ಹೆಂಡತಿಯೂ 1939ರಲ್ಲಿ ಮೂವತ್ತರ ಕಿರಿಯ ಮಗಳು ಬಾರ್ಬರಾಳೂ ತೀರಿಕೊಂಡರು. ಸಂಧಿವಾತದಿಂದ ಕೈ ಬಿಗಿಯಿತು. ವಿಚಿತ್ರವೆಂದರೆ, 1935ರಲ್ಲಿ ಬಣ್ಣ ದೊರೆತ ಮೇಲಿನ ಪುಟಗಳಲ್ಲಿ ಗೆರೆ ಒರಟಾದಷ್ಟೂ ರಚನೆ ನಿರಾಳವಾಗುತ್ತ ಹೋಯಿತು. ಅವನು ಸತ್ತಾಗ ಸರಣಿಯನ್ನು ಪ್ರಕಟಿಸುತ್ತಿದ್ದ ಪತ್ರಿಕೆಗಳು ಮೂವತ್ತೈದರ ಆಸುಪಾಸು. ಇಂಥ ಸಂದರ್ಭಗಳಲ್ಲಿ ಬೇರೊಬ್ಬ ಚಿತ್ರಕಾರನನ್ನು ನೇಮಿಸುವುದು ಉದ್ಯಮದ ಪದ್ಧತಿ. ಹರ್ಸ್ಟ್ ಬಳಗ ಹಾಗೆ ಮಾಡಲಿಲ್ಲ. ಮೇಜಿನ ಮೇಲೆ ಪೆನ್ಸಿಲ್‌ನಲ್ಲಿ ಬರೆದಿಟ್ಟು ಶಾಯಿ ಕಾಣದ ಕಂತುಗಳು ಉಳಿದವು. ಅವನ ಚಿತಾಭಸ್ಮವನ್ನು ಮಾನ್ಯುಮೆಂಟ್ ವ್ಯಾಲಿಯ ಮೇಲೆ ಚೆಲ್ಲಲಾಯಿತು.

1971ರಲ್ಲಿ ಸಮಾಜಶಾಸ್ತ್ರಜ್ಞ ಆರ್ಥರ್ ಆಸಾ ಬರ್ಗರ್ ಚರಿತ್ರಕೋಶವೊಂದಕ್ಕೆ ನಮೂದು ಬರೆಯುವ ಸಲುವಾಗಿ ಜನನಪತ್ರವನ್ನು ಹುಡುಕಿಸಿದಾಗ ಮೂಲದ ಸಂಗತಿ ಬೆಳಕಿಗೆ ಬಂತು. ಮರುವರ್ಷ ಆಫ್ರಿಕನ್ ಅಮೆರಿಕನ್ ಕಾದಂಬರಿಕಾರ ಇಷ್ಮಾಯೆಲ್ ರೀಡ್ ತನ್ನ ‘ಮಂಬೊ ಜಂಬೊ’ ಕೃತಿಯನ್ನು ಹೆರಿಮನ್‌ಗೆ ಅರ್ಪಿಸಿ ಅವನನ್ನು ತನ್ನ ಪರಂಪರೆಯ ಹಿರಿಯನೆಂದು ಸ್ವೀಕರಿಸಿದ. 2016ರಲ್ಲಿ ಪ್ರಕಟವಾದ ಮೈಕಲ್ ಟಿಸೆರಾಂಡ್‌ನ ಬೃಹತ್ ಜೀವನಚರಿತ್ರೆ ಕುಟುಂಬದ ಕ್ರಿಯೋಲ್ ಹಿನ್ನೆಲೆಯನ್ನು ದಾಖಲೆಗಳಿಂದ ಗಟ್ಟಿಗೊಳಿಸಿತು. ಈ ಶೋಧದ ನಂತರ ಬೆಕ್ಕಿನ ಬಣ್ಣ, ಬಿಳುಪಿನ ಮೋಹ, ಗುರುತು ಸಿಕ್ಕೊಡನೆ ಬೀಳುವ ಏಟು ಇವೆಲ್ಲ ಬೇರೆ ಅರ್ಥ ಪಡೆದವೆಂಬುದರಲ್ಲಿ ಅನುಮಾನವಿಲ್ಲ. ಆದರೆ ಇಡೀ ಸರಣಿಯನ್ನು ಗುಪ್ತಲಿಪಿಯಂತೆ ಒಡೆದು ಓದುವ ಉತ್ಸಾಹ ಅಷ್ಟು ಸಮಂಜಸವಲ್ಲ. ಹೆರಿಮನ್ ತನ್ನ ಮೂಲದ ಬಗ್ಗೆ ಬಹಿರಂಗವಾಗಿ ಏನನ್ನೂ ಹೇಳಿದವನಲ್ಲ. ಅವನ ಮೌನವನ್ನು ತಪ್ಪೊಪ್ಪಿಗೆಯನ್ನಾಗಿಯೋ ಪ್ರತಿಭಟನೆಯನ್ನಾಗಿಯೋ ಅನುವಾದಿಸುವ ಓದು, ಗುರುತನ್ನು ಹೊರಗಿನಿಂದ ಹೇರುವ ಅದೇ ಹಳೆಯ ನೋಂದಣಿ ಕಚೇರಿಯ ಕೆಲಸವನ್ನು ಸದುದ್ದೇಶದಿಂದ ಮುಂದುವರಿಸುತ್ತದೆ. ಬಂಡೆ ಮರವಾಗುವ, ಸರ್ವನಾಮ ಸ್ಥಿರವಾಗದ ಕೊಕೊನಿನೊ ಯಾವ ನಮೂದಿಗೂ ಒಗ್ಗುವುದಿಲ್ಲ.

ಈ ಚರ್ಚೆಗೆ ಪಠ್ಯವೇ ಉಳಿಯದಿರುವ ಸಾಧ್ಯತೆಯೂ ಇತ್ತು. ಗ್ರಂಥಾಲಯಗಳು ಹಳೆಯ ಪತ್ರಿಕೆಗಳನ್ನು ಮೈಕ್ರೋಫಿಲ್ಮಿಗೆ ಇಳಿಸಿ ಮೂಲ ಸಂಪುಟಗಳನ್ನು ವಿಲೇವಾರಿ ಮಾಡತೊಡಗಿದಾಗ ಬಣ್ಣದ ಪುಟಗಳು ಬೂದುಬಣ್ಣದ ಮಸುಕಾಗಿ ಉಳಿದವು. 1960ರ ದಶಕದ ಕೊನೆಯಿಂದ ಬಿಲ್ ಬ್ಲ್ಯಾಕ್‌ಬಿಯರ್ಡ್ ಎಂಬ ಸಂಗ್ರಾಹಕ ಸ್ಯಾನ್ ಫ್ರಾನ್ಸಿಸ್ಕೊದ ತನ್ನ ಮನೆಯಲ್ಲಿ ಆ ತಿರಸ್ಕೃತ ಸಂಪುಟಗಳನ್ನು ಪೇರಿಸಿಟ್ಟ. 1988ರಲ್ಲಿ ಆರಂಭವಾದ ಭಾನುವಾರದ ಪುಟಗಳ ಮರುಪ್ರಕಟಣೆಗೆ ಅವನೇ ಸಂಪಾದಕ. ಆ ಸಂಗ್ರಹ ಕಳೆದ ಶತಮಾನದ ಕೊನೆಯಲ್ಲಿ ಓಹಿಯೊ ಸ್ಟೇಟ್ ವಿಶ್ವವಿದ್ಯಾಲಯವನ್ನು ಸೇರಿತು. ಹೆರಿಮನ್ ಮೊದಲೇ ಮುಗಿಸಿಕೊಟ್ಟಿದ್ದ ಪುಟಗಳಲ್ಲಿ ಕೊನೆಯದು ಅವನು ಸತ್ತು ಎರಡು ತಿಂಗಳಾದ ಮೇಲೆ, 1944ರ ಜೂನ್ 25ರಂದು ಅಚ್ಚಾಗಿತ್ತು. ಅದರಲ್ಲಿ ಪಪ್, ನೀರಿನಲ್ಲಿ ಮುಳುಗಿದ್ದ ಕ್ರೇಜಿಯನ್ನು ಎರಡೂ ಕೈಗಳಲ್ಲಿ ಎತ್ತಿಕೊಂಡು ಬರುತ್ತದೆ.