ಬ್ರಹ್ಮಗಿರಿ ಬಂಡೆಯ ಮೇಲಿನ ಅರಿಕೆ

 

ಪ್ರಿಯ ಯೌವನಸ್ಥರೇ, ನಿಮ್ಮಲ್ಲಿ ಕೆಲವರು ಚಳ್ಳಕೆರೆ, ಮೊಳಕಾಲ್ಮುರು ಕಡೆಯಿಂದ ಬೆಂಗಳೂರಿಗೆ ಬಂದವರು. ನಿಮ್ಮ ಕಡೆಯ ಒಂದು ಬಂಡೆಯ ವಿಷಯ ಇವತ್ತು ಹೇಳ್ತೀನಿ. ಮೊಳಕಾಲ್ಮುರು ತಾಲ್ಲೂಕಿನ ಬ್ರಹ್ಮಗಿರಿಯಲ್ಲಿ ಅಶೋಕ ಚಕ್ರವರ್ತಿಯ ಶಾಸನ ಇದೆ. 1892ರಲ್ಲಿ ಬಿ.ಎಲ್. ರೈಸ್ ಅದನ್ನು ಪತ್ತೆ ಮಾಡಿದರು.

ಅಶೋಕ ಚಂದ್ರಗುಪ್ತ ಮೌರ್ಯನ ಮೊಮ್ಮಗ, ಬಿಂದುಸಾರನ ಮಗ. ಪಟ್ಟವಾಗಿ 8 ವರ್ಷವಾದಾಗ ಕಳಿಂಗವನ್ನು ಗೆದ್ದ. ಅವನೇ ಬರೆಸಿದ ಲೆಕ್ಕದಲ್ಲಿ ಸತ್ತವರು 1 ಲಕ್ಷ, ಸೆರೆಯಾಗಿ ಹೋದವರು ಒಂದೂವರೆ ಲಕ್ಷ. ಗೆದ್ದ ಅರಸ ಹಿಗ್ಗಲಿಲ್ಲ, ನೊಂದುಕೊಂಡ. ಬುದ್ಧನ ಮಾರ್ಗ ಹಿಡಿದ.

ಶಾಲೆಯ ಪಾಠ ಇಲ್ಲಿಗೆ ಮುಗಿಯುತ್ತೆ. ಬ್ರಹ್ಮಗಿರಿಯ ಬಂಡೆ ಇನ್ನೊಂದು ಮಾತು ಹೇಳುತ್ತೆ. ತಾನು ಉಪಾಸಕನಾಗಿ ಎರಡೂವರೆ ವರ್ಷ ದಾಟಿದರೂ, ಒಂದು ವರ್ಷ ಅಷ್ಟೇನೂ ಶ್ರದ್ಧೆ ತೋರಿಸಲಿಲ್ಲ, ಸಂಘದ ಹತ್ತಿರ ಹೋದ ಮೇಲೆಯೇ ಮನಸ್ಸಿಟ್ಟೆ ಅಂತ ಅರಸನೇ ಅರಿಕೆ ಮಾಡ್ತಾನೆ. ಈ ಫಲ ದೊಡ್ಡವರಿಗೆ ಮಾತ್ರ ಅಲ್ಲ, ಶ್ರಮಪಟ್ಟರೆ ಚಿಕ್ಕವರಿಗೂ ಸಿಗುತ್ತೆ ಅಂತಾನೆ. ಇದನ್ನು ಓದಬೇಕಾದವರು ಇಸಿಲ ಎಂಬ ಊರಿನಲ್ಲಿದ್ದ ಅವನ ಕೈಕೆಳಗಿನ ಅಧಿಕಾರಿಗಳು! ಪಾಟಲಿಪುತ್ರದಿಂದ ಸಾವಿರ ಕಿಲೋಮೀಟರಿಗೂ ದೂರದಲ್ಲಿ, ತನ್ನ ಕೊರತೆಯನ್ನು ಕಲ್ಲಿನಲ್ಲಿ ಕೆತ್ತಿಸಿದ. ಅಳಿಸುವ ಹಾಗಿಲ್ಲ.

ಈಗ ನಮ್ಮ ಸಭೆಗೆ ಬರೋಣ. ದೀಕ್ಷಾಸ್ನಾನ ಆಗಿದೆ, ಕ್ವಾಯರ್‌ನಲ್ಲಿ ಹಾಡ್ತೀರಿ, ಸ್ಟೇಟಸ್‌ನಲ್ಲಿ ದಿನಾ ವಾಕ್ಯ ಹಾಕ್ತೀರಿ. ಮೊಣಕಾಲೂರಿ ಎಷ್ಟು ದಿನ ಆಯ್ತು? ಯಾರಾದರೂ ಕೇಳಿದರೆ ಚೆನ್ನಾಗಿದ್ದೀನಿ ಅಂತ ನಗ್ತೀರಿ. ಲವೊದಿಕೀಯ ಸಭೆಯ ರೋಗ ಇದೇ: ಉಗುರುಬೆಚ್ಚಗಿದ್ದರು, ತಮಗೇನೂ ಕೊರತೆಯಿಲ್ಲ ಅಂದುಕೊಂಡಿದ್ದರು. ನಾನು ತಣ್ಣಗಾಗಿದ್ದೀನಿ ಅಂತ ಒಪ್ಪಿಕೊಳ್ಳೋದೇ ತಗ್ಗಿಸಿಕೊಳ್ಳುವುದರ ಮೊದಲ ಹೆಜ್ಜೆ.

ಅಶೋಕ ನಮ್ಮ ಕರ್ತನನ್ನು ಅರಿತವನಲ್ಲ. ಕ್ರಿಸ್ತನ ಜನನಕ್ಕೆ ಇನ್ನೂ 200ಕ್ಕೂ ಹೆಚ್ಚು ವರ್ಷ ಇತ್ತು. ಅವನು ತನ್ನ ಶ್ರಮದ ಮೇಲೆ ನಿಂತ. ನಮಗೋ, ದೂರದಿಂದಲೇ ಮಗನನ್ನು ಕಂಡು ಓಡಿಬರುವ ತಂದೆ ಇದ್ದಾನೆ. ಅಷ್ಟು ಬೆಳಕಿಲ್ಲದ ಅರಸನೇ ತನ್ನ ಅಸಡ್ಡೆಯನ್ನು ಎಲ್ಲರೆದುರು ಒಪ್ಪಿಕೊಂಡ ಅಂದ್ರೆ, ಕೃಪೆ ಪಡೆದ ನಾವು ಕೋಣೆಯ ಬಾಗಿಲು ಮುಚ್ಚಿ ತಂದೆಗೆ ಹೇಳೋಕೆ ಯಾಕೆ ಹಿಂಜರಿಯಬೇಕು?

ನಾಳೆಗೆ ಮುಂದೂಡಬೇಡಿ. ಇದ್ದಲ್ಲಿಯೇ ತಲೆಬಾಗಿಸಿ. ತಂದೆಯೇ, ಆರಿಹೋಗ್ತಿರುವ ಈ ಹೃದಯಗಳನ್ನು ಮತ್ತೆ ಹೊತ್ತಿಸು, ನಿನ್ನ ಕಡೆಗೆ ತಿರುಗಿಸು. ಯೇಸುವಿನ ನಾಮದಲ್ಲಿ, ಆಮೆನ್.